ಮಡಿ ಪ್ರತಿ

ಶ್ರಾವಣ ಬಂತೆಂದರೆ ನಮ್ಮ ಕಡೆ ಮದುವೆಗಳು ಶುರು. ಮದುವೆಗಳು ಶುರುವಾದರೆ ನನ್ನ ಹೆಂಡತಿ ಸರೋಜಳ ರವಿಕೆಗಳು ಬಿಗಿಯಾಗಿರುವುದು ಗೊತ್ತಾಗುತ್ತದೆ. ಮೊನ್ನೆ ಒಂದು ರವಿಕೆಯ ಹೊಲಿಗೆ ಬಿಚ್ಚಬೇಕೆಂದು ನನ್ನ ಹತ್ತಿರ ಬ್ಲೇಡು ಕೇಳಿದಳು. ಇಲ್ಲ ಎಂದೆ.

"ಮದ್ವೆ ಆದಾಗಿನಿಂದ ನಿಮ್ಮ ಅಂಗಿ ಜೇಬು, ಮೇಜಿನ ಡ್ರಾಯರು, ಕನ್ನಡಕದ ಡಬ್ಬಿ, ಎಲ್ಲಿ ಕೈ ಹಾಕಿದ್ರೂ ಅರ್ಧ ಬ್ಲೇಡು ಚುಚ್ತಿತ್ತು. ಇವತ್ತು ಬೇಕು ಅಂದ್ರೆ ಒಂದೂ ಇಲ್ವಾ?"

ಯಾಕಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೇ ಕೇಳಿದಳು. ನನ್ನ ಹೆಂಡತಿಗೆ ಬ್ಲೇಡಿಲ್ಲದೆಯೂ ಕೆರೆಯಲು ಬರುತ್ತದೆ. ನಾನು ಪೇಪರು ಹಿಡಿದುಕೊಂಡೆ. ಅವಳು ಕತ್ತರಿಯ ಮೂತಿಯಲ್ಲಿ ಹೊಲಿಗೆ ಬಿಚ್ಚುತ್ತಾ ಕುಳಿತಳು.

ಅರ್ಧ ಬ್ಲೇಡು ಎಂದರೇನು ಎಂದು ಈಗಿನವರಿಗೆ ಬಿಡಿಸಿ ಹೇಳಬೇಕಾಗಬಹುದು. ನಮ್ಮ ಕಾಲದಲ್ಲಿ ಪೂರ್ತಿ ಬ್ಲೇಡು ಅಪ್ಪಂದಿರ ಸ್ವತ್ತು. ರಾಜಾಜಿನಗರದ ನಮ್ಮ ವಠಾರದಲ್ಲಿ ಭಾನುವಾರ ಬೆಳಿಗ್ಗೆ ಅಪ್ಪ ಕಿಟಕಿಯ ಸರಳಿಗೆ ಕನ್ನಡಿ ಸಿಕ್ಕಿಸಿ, ಬನಿಯನ್ನಿನ ಮೇಲೆ ಟವೆಲ್ಲು ಹೊದ್ದು, ಗಡ್ಡ ಹೆರೆದುಕೊಳ್ಳುತ್ತಿದ್ದರು. ಒಂದು ಬ್ಲೇಡಿಗೆ ನಾಲ್ಕು ಭಾನುವಾರ. ಐದನೆಯ ಭಾನುವಾರ ಅದು ಕೆನ್ನೆಯನ್ನು ಎಳೆದಾಡಲು ಶುರು ಮಾಡಿದಾಗ, ಕಾಗದದಲ್ಲಿ ಸುತ್ತಿ ಉದ್ದಕ್ಕೆ ಮುರಿದು, ಒಂದು ಹೋಳು ಅಕ್ಕನಿಗೆ, ಒಂದು ಹೋಳು ನನಗೆ. ಪೆನ್ಸಿಲ್ಲು ಹೆರೆಯಲು. ಎರಡು ದಿನ ಪೆನ್ಸಿಲ್ಲಿಗೂ ಸೋಪಿನ ವಾಸನೆ ಇರುತ್ತಿತ್ತು. ಅಕ್ಕ ಪೆನ್ಸಿಲ್ಲು ಹೆರೆದಳು, ಓದಿದಳು, ಉದ್ಧಾರವಾದಳು. ನಾನು ಬೇರೆ ದಾರಿ ಹಿಡಿದೆ.

ಆರನೇ ಕ್ಲಾಸಿನಲ್ಲಿ ನಾನು ಕನ್ನಡದಲ್ಲಿ ಫೇಲಾದೆ. ಹೌದು, ಕನ್ನಡದಲ್ಲೇ. ಇವತ್ತು ಕನ್ನಡದ ಅಪರೂಪದ ಪುಸ್ತಕಗಳನ್ನು ಗಾಜಿನ ಬೀರುವಿನಲ್ಲಿಟ್ಟು ಬಂದವರಿಗೆಲ್ಲ ತೋರಿಸುವ ಈ ಮಹಾನುಭಾವ ಕನ್ನಡದಲ್ಲಿ ಫೇಲು. ಮಾರ್ಕ್ಸ್ ಕಾರ್ಡಿನಲ್ಲಿ ಫೇಲಾದ ಅಂಕಿಯ ಕೆಳಗೆ ಮೇಷ್ಟ್ರು ಕೆಂಪು ಮಸಿಯಲ್ಲಿ ಗೆರೆ ಎಳೆದಿದ್ದರು. ಆ ಗೆರೆಯನ್ನು ನಾನು ವಠಾರದ ಬಚ್ಚಲಿನ ಹಿಂದೆ ಕುಳಿತು ಅರ್ಧ ಬ್ಲೇಡಿನಿಂದ ಕೆರೆದೆ. ಕೂದಲೆಳೆಯಷ್ಟು ಕಾಗದ ಎದ್ದಿತು, ಮಸಿ ಹೋಯಿತು. ಮೇಲೆ ಉಗುರಿನಿಂದ ಉಜ್ಜಿದೆ. ನನಗೇ ಆಶ್ಚರ್ಯವಾಗುವಷ್ಟು ಚೆನ್ನಾಗಿ ಬಂತು. ಅಪ್ಪ ಸಹಿ ಹಾಕುವ ಮುಂಚೆ ಕಾರ್ಡನ್ನು ಬೆಳಕಿಗೆ ಹಿಡಿದರು.

"ಕಾಗದ ಇಲ್ಲಿ ಯಾಕೋ ತೆಳ್ಳಗಿದೆಯಲ್ಲೋ," ಎಂದರು.

ಅಷ್ಟೇ. ಸಹಿ ಹಾಕಿ ಕೊಟ್ಟರು. ಹೊಡೆಯಲಿಲ್ಲ, ಬೈಯಲಿಲ್ಲ. ಆದರೆ ಮುಂದಿನ ಐದನೆಯ ಭಾನುವಾರ ಎರಡು ಹೋಳನ್ನೂ ಅಕ್ಕನಿಗೇ ಕೊಟ್ಟರು.

ಹಣೆಬರಹ ನೋಡಿ, ಮುಂದೆ ನನಗೆ ಅನ್ನ ಕೊಟ್ಟಿದ್ದೂ ಅದೇ ಬ್ಲೇಡು. ಒಂದು ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ಟ್ರೇಸರ್ ಆಗಿ ಸೇರಿದೆ. ಎಂಜಿನಿಯರುಗಳು ಬರೆದ ನಕ್ಷೆಯ ಮೇಲೆ ಪಾರದರ್ಶಕ ಹಾಳೆ ಹಾಸಿ, ಕಪ್ಪು ಮಸಿಯಲ್ಲಿ ಗೆರೆಗೆ ಗೆರೆ ಕೂಡಿಸಿ ನಕಲು ಮಾಡುವ ಕೆಲಸ. ಗೆರೆ ತಪ್ಪಿದರೆ ರಬ್ಬರಿನಲ್ಲಿ ಹೋಗುವುದಿಲ್ಲ, ಬ್ಲೇಡಿನಲ್ಲೇ ಕೆರೆಯಬೇಕು. ನಮ್ಮ ಮೇಲಿನವರೊಬ್ಬರು ಹೇಳುತ್ತಿದ್ದರು: "ಕೆರೆದ ಜಾಗ ಗೊತ್ತಾಗಬಾರ್ದು ಕಣಯ್ಯ. ಗೊತ್ತಾದ್ರೆ ನೀನು ತಿದ್ದಿಲ್ಲ, ಗಾಯ ಮಾಡಿದೀಯ." ಮಸಿ ಎಲ್ಲಿ ದಪ್ಪಗಿದೆಯೋ ಅಲ್ಲಿಂದ ಶುರು ಮಾಡಬೇಕು. ಗೆರೆಯ ಉದ್ದಕ್ಕೆ ಹೋಗಬಾರದು, ಅಡ್ಡಕ್ಕೆ ಹೋಗಬೇಕು. ಕೊನೆಗೆ ಕವಡೆಯ ಬೆನ್ನಿನಿಂದ ಉಜ್ಜಿ ನುಣುಪು ಮಾಡಬೇಕು. ಸಂಜೆ ಎಷ್ಟು ಗೆರೆ ತಿದ್ದಿದೆ ಎಂದು ಎಣಿಸಿ ಬರೆದಿಡಬೇಕು. ಇನ್ನೊಂದು ಮಾತನ್ನು ಯಾರೂ ಹೇಳಿಕೊಡಲಿಲ್ಲ, ತಾನಾಗಿ ಬಂತು: ಏನು ಕೆರೆಯುತ್ತಿದ್ದೇನೆಂದು ಓದಬಾರದು. ಓದಿದರೆ ಕೈ ನಡುಗುತ್ತದೆ. ಅದು ಬರೀ ಮಸಿ ಅಂದುಕೊಳ್ಳಬೇಕು. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಆಫೀಸಿನಲ್ಲಿ ಇರಲಿಲ್ಲ. ಕಂಪ್ಯೂಟರು ಬಂದಮೇಲೆ ಆ ವಿದ್ಯೆಯನ್ನು ಕೇಳುವವರೂ ಇರಲಿಲ್ಲ.

ನಿವೃತ್ತಿಯಾದ ಮೇಲೆ ಕೆಲವರು ವಾಕಿಂಗ್ ಹೋಗುತ್ತಾರೆ, ಕೆಲವರು ಸೊಸೆಯನ್ನು ತಿದ್ದಲು ಹೋಗುತ್ತಾರೆ. ನಾನು ಹಳೇ ಪುಸ್ತಕ ಹಿಡಿದೆ. ಓದಲು ಎಂದು ತಿಳಿದೀರಿ. ಸಂಗ್ರಹಿಸುವವರು ಓದುವುದಿಲ್ಲ. ಓದಿದರೆ ಬೆನ್ನು ಸಡಿಲವಾಗುತ್ತದೆ, ಹಾಳೆಯ ಮೂಲೆ ಮಡಚಿಹೋಗುತ್ತದೆ. ನಾವು ಮೊದಲ ಮುದ್ರಣವೇ, ಮುಖಪುಟ ಇದೆಯೇ, ಹುಳು ಹೊಡೆದಿದೆಯೇ ಎಂದು ನೋಡುತ್ತೇವೆ, ಮೂಸುತ್ತೇವೆ, ಬೀರುವಿನಲ್ಲಿಡುತ್ತೇವೆ. ಒಳಗೆ ಏನಿದೆ ಎಂದು ಕೇಳುವವರನ್ನು ಸ್ವಲ್ಪ ಕನಿಕರದಿಂದ ನೋಡುತ್ತೇವೆ.

ನಮ್ಮದು ಐದು ಜನರ ಬಳಗ. ಭಾನುವಾರ ಬೆಳಿಗ್ಗೆ ವಿಜಯನಗರದ ಒಂದು ದರ್ಶಿನಿಯಲ್ಲಿ ನಿಂತುಕೊಂಡೇ ಕಾಫಿ ಕುಡಿದು, ಆ ವಾರ ಸಿಕ್ಕ ಪುಸ್ತಕಗಳನ್ನು ಒಬ್ಬರಿಗೊಬ್ಬರು ತೋರಿಸಿ ಹೊಟ್ಟೆ ಉರಿಸುವುದು ಕಾರ್ಯಕ್ರಮ. ಮುಖಂಡ ಶೇಷಗಿರಿ, ಬ್ಯಾಂಕಿನಿಂದ ನಿವೃತ್ತನಾದವನು. ಮಡಿ ಪ್ರತಿ, ಮೈಲಿಗೆ ಪ್ರತಿ ಎಂಬ ಮಾತು ಹುಟ್ಟಿಸಿದವನು ಅವನೇ. ಪುಸ್ತಕದಲ್ಲಿ ಯಾರಾದರೂ ಹೆಸರು ಬರೆದಿದ್ದರೆ ಅದು ಮೈಲಿಗೆ. ಅಡಿಗೆರೆ ಎಳೆದಿದ್ದರೆ ಘೋರ ಮೈಲಿಗೆ. ಶಾಲೆಯ ಮೊಹರು ಬಿದ್ದಿದ್ದರೆ ಸೂತಕ. ಯಾರ ಕೈಗುರುತೂ ಇಲ್ಲದ್ದು ಮಡಿ. ಈ ಪದಗಳು ನಮ್ಮ ಬಾಯಿಗೆ ಎಷ್ಟು ಸಲೀಸಾಗಿ ಬಂದವು, ಎಷ್ಟು ನಕ್ಕೆವು! ಇಪ್ಪತ್ತೊಂದನೇ ಶತಮಾನದಲ್ಲಿ, ದರ್ಶಿನಿಯಲ್ಲಿ, ಯಾರೋ ಕುಡಿದ ಲೋಟದಲ್ಲೇ ಕಾಫಿ ಕುಡಿಯುತ್ತಾ, ಮುಟ್ಟಿದವರ ಗುರುತಿದ್ದರೆ ಮೈಲಿಗೆ ಎಂದು ನಗುತ್ತಿದ್ದೆವು. ಆಗ ನಾಚಿಕೆಯಾಗಲಿಲ್ಲ.

ನನ್ನನ್ನು ಅವರು ಪುರೋಹಿತರು ಎಂದು ಕರೆಯುತ್ತಿದ್ದರು. ಮೈಲಿಗೆಯನ್ನು ಮಡಿ ಮಾಡಿಕೊಡುವವನು ನಾನಲ್ಲವೇ! ಬಳಗದವರೆಲ್ಲ ತಮ್ಮ ಪುಸ್ತಕ ತಂದು ಕೊಡುವರು, ನಾನು ಮಧ್ಯಾಹ್ನ ಊಟವಾದ ಮೇಲೆ ಕಿಟಕಿಯ ಹತ್ತಿರ ಕುಳಿತು ಕೆರೆಯುವೆ. "ಚಿ. ಗಿರಿಜೆಗೆ, ಪರೀಕ್ಷೆ ಪಾಸಾದದ್ದಕ್ಕೆ, ಸೋದರಮಾವ." ಹೋಯಿತು. "ನನ್ನನ್ನು ಮರೆಯಬೇಡ." ಮರೆಸಿದೆ. ಒಂದರಲ್ಲಿ ಯಾರೋ ಹುಡುಗ "ಈ ಪುಸ್ತಕ ಕದ್ದವರ ಕೈ ಬಿದ್ದು ಹೋಗಲಿ" ಎಂದು ಬರೆದು ಎರಡೆರಡು ಗೆರೆ ಎಳೆದಿದ್ದ. ಅದನ್ನೂ ಕೆರೆದೆ. ಕೆರೆದ ಮೇಲೆ ಕೈ ನೋಡಿಕೊಂಡು ನಕ್ಕೆ. ಕೈ ಇನ್ನೂ ಇದೆ, ಅದರಲ್ಲೇ ಇದನ್ನು ಬರೆಯುತ್ತಿದ್ದೇನೆ.

ಈಗ ಆಷಾಢದ ಸೇಲಿನ ವಿಷಯ ಹೇಳಬೇಕು. ಆಷಾಢದಲ್ಲಿ ಮದುವೆಗಳಿಲ್ಲವಾದ್ದರಿಂದ ಛತ್ರಗಳು ನೊಣ ಹೊಡೆಯುತ್ತಿರುತ್ತವೆ. ಬಸವೇಶ್ವರನಗರದ ಒಂದು ಛತ್ರದವರು ಆ ತಿಂಗಳು ತಮ್ಮ ಊಟದ ಹಾಲನ್ನು ಹಳೇ ಪುಸ್ತಕದವರಿಗೆ ಬಿಟ್ಟುಕೊಡುತ್ತಾರೆ. ಉದ್ದುದ್ದ ಮೇಜುಗಳ ಮೇಲೆ ಎಲೆ ಹಾಕುವ ಜಾಗದಲ್ಲಿ ಪುಸ್ತಕ. ಮೂಲೆಯ ಕೈತೊಳೆಯುವ ನಲ್ಲಿಗಳು ಹಾಗೇ ಇರುತ್ತವೆ, ಗಾಳಿಯಲ್ಲಿ ಹೋದ ತಿಂಗಳ ಸಾರಿನ ವಾಸನೆಯೂ ಹಾಗೇ. ಮದುವೆಯಲ್ಲಿ ಉಡುಗೊರೆಯಾಗಿ ಬಂದ ಪುಸ್ತಕಗಳು ಒಂದು ಆಯಸ್ಸು ಕಳೆದು, ಯಾರೂ ಬಿಚ್ಚದೆ, ಮತ್ತೆ ಛತ್ರಕ್ಕೇ ಬಂದು ಕೂತಿರುತ್ತವೆ. ಅಲ್ಲಿ ಗಂಗಣ್ಣ ಎರಡು ಮೇಜು ಹಿಡಿಯುತ್ತಾನೆ. ಗೋವಿಂದರಾಜನಗರದಲ್ಲಿ ನಮ್ಮ ಮನೆಯ ಹಿಂದಿನ ರಸ್ತೆಯಲ್ಲಿ ಅವನ ಹಳೇ ಪೇಪರ್ ಅಂಗಡಿ. ಪುಸ್ತಕದ ಹೆಸರು ಅವನಿಗೆ ನೆನಪಿರುವುದಿಲ್ಲ, ಅದು ಬಂದ ಮನೆ ನೆನಪಿರುತ್ತದೆ. "ಇದು ಆ ಲಾಯರ್ ಮನೇದು ಸಾರ್", "ಇದು ಮೇಷ್ಟ್ರು ತೀರ್ಕೊಂಡ್ರಲ್ಲ, ಅವರ್ದು." ಹೀಗೆ.

ನಾಲ್ಕು ವರ್ಷದ ಹಿಂದೆ ಅವನ ಮೇಜಿನ ಮೇಲೆ ನನಗೆ ಒಂದು ಸೋಬಾನೆ ಪದಗಳ ಪುಸ್ತಕ ಸಿಕ್ಕಿತು. ಮದುವೆಮನೆಯಲ್ಲಿ ಹೆಂಗಸರು ಹಾಡುವ ಪದಗಳನ್ನು ಯಾರೋ ಪುಣ್ಯಾತ್ಮರು ಊರೂರು ಸುತ್ತಿ ಬರೆದುಕೊಂಡು, ಸಣ್ಣ ಮುದ್ರಣಾಲಯದಲ್ಲಿ ಅಚ್ಚು ಹಾಕಿಸಿದ್ದು. ನಮ್ಮ ಬಳಗದಲ್ಲಿ ಯಾರ ಹತ್ತಿರವೂ ಅದು ಇರಲಿಲ್ಲ. ಶೇಷಗಿರಿ ಹತ್ತು ವರ್ಷದಿಂದ ಹುಡುಕುತ್ತಿದ್ದ. "ಬಿನ್ನಿಪೇಟೆ ಮನೇದು ಸಾರ್, ಚೀಲದಲ್ಲಿ ಬಂತು," ಎಂದ ಗಂಗಣ್ಣ. ನಾನು ಮೊದಲ ಹಾಳೆ ತೆರೆದೆ. ಮೈಲಿಗೆ. ಅಂಥಿಂಥ ಮೈಲಿಗೆಯಲ್ಲ. ಮೊದಲ ಖಾಲಿ ಹಾಳೆಯ ತುಂಬಾ ನೀಲಿ ಮಸಿಯಲ್ಲಿ, ಒಂದರ ಕೆಳಗೊಂದು, ಏಳುತ್ತಾ ಬೀಳುತ್ತಾ ಒಂದೇ ಹೆಸರು:

ಕೆಂಪಮ.

ಇದನ್ನು ಅಚ್ಚು ಮಾಡುವವರಲ್ಲಿ ಒಂದು ವಿನಂತಿ. ಇಲ್ಲಿ ಒತ್ತಕ್ಷರ ಬಿಟ್ಟುಹೋಗಿಲ್ಲ. ದಯವಿಟ್ಟು ಸೇರಿಸಬೇಡಿ.

ಭಾನುವಾರ ದರ್ಶಿನಿಯಲ್ಲಿ ಅದನ್ನು ತೋರಿಸಿದೆ. "ಏನ್ರೀ ಇದು, ಕೋಳಿ ಕೆದಕಿದೆ!" ಎಂದ ಶೇಷಗಿರಿ. "ಹೆಸರಲ್ಲೇ ಸ್ಪೆಲ್ಲಿಂಗ್ ಮಿಸ್ಟೇಕು," ಎಂದು ಇನ್ನೊಬ್ಬ. ಎಲ್ಲರೂ ನಕ್ಕೆವು. ಎಲ್ಲರಿಗಿಂತ ಜೋರಾಗಿ ನಾನು, ಕನ್ನಡದಲ್ಲಿ ಫೇಲಾದವನು.

ಅದನ್ನು ಮಡಿ ಮಾಡಲು ಎರಡು ಮಧ್ಯಾಹ್ನ ಹಿಡಿಯಿತು. ಬರೆದವರು ಪೆನ್ನನ್ನು ಒತ್ತಿ ಒತ್ತಿ ಬರೆದಿದ್ದರು, ನಿಬ್ಬು ಕಾಗದದೊಳಗೆ ಇಳಿದಿತ್ತು. ಎಲ್ಲಕ್ಕಿಂತ ಕೆಳಗಿನ ಸಾಲಿನ ತುದಿಯ ಕೆಳಗೆ ಮಸಿ ದಪ್ಪಗೆ ನಿಂತಿತ್ತು. ಚೆಲ್ಲಿದೆ ಎಂದುಕೊಂಡು ಕಸುಬಿನ ಪ್ರಕಾರ ಅಲ್ಲಿಂದಲೇ ಶುರು ಮಾಡಿದೆ. ಮೇಲಿನ ಒಂದು ಸಾಲು ದರ್ಶಿನಿಯಲ್ಲಿ ನಗಲಿಕ್ಕೆಂದು ಓದಿದ್ದೆ, ಉಳಿದದ್ದನ್ನು ಓದಲಿಲ್ಲ. ಎಣಿಸಿದೆ ಮಾತ್ರ, ಹಳೇ ಚಾಳಿ. ಹನ್ನೊಂದು ಸಾಲು. ಹಿಂದಿನ ಹಾಳೆಗೆ ಅಚ್ಚೊತ್ತಿದ್ದ ತಗ್ಗುಗಳನ್ನೂ ಕವಡೆಯಲ್ಲಿ ಉಜ್ಜಿದೆ. ಹಳೆಯ ರಟ್ಟು ತೆಗೆಸಿ ಹೊಸ ಕ್ಯಾಲಿಕೊ ಬೈಂಡ್ ಮಾಡಿಸಿದೆ. ಆಮೇಲೆ ಫೋಟೋ ತೆಗೆದು ಬಳಗದ ವಾಟ್ಸಾಪ್ ಗುಂಪಿಗೆ ಹಾಕಿದೆ. ಕೆರೆಯುವ ಮುಂಚೆ ತೆಗೆಯಲಿಲ್ಲ. ಮೈಲಿಗೆಯ ಫೋಟೋ ಯಾರು ತೆಗೆಯುತ್ತಾರೆ? "ಪುರೋಹಿತರಿಗೆ ಜೈ" ಎಂದು ಐದಾರು ಕೈಮುಗಿದ ಚಿತ್ರಗಳು ಬಂದವು. ಆ ದಿನ ಊಟ ಸ್ವಲ್ಪ ಜಾಸ್ತಿಯೇ ಮಾಡಿದೆ.

ಹೋದ ವರ್ಷದ ಆಷಾಢದಲ್ಲಿ ಗಂಗಣ್ಣ ಫೋನ್ ಮಾಡಿದ. "ಸಾರ್, ಒಬ್ರು ಮೇಡಂ ಬಂದಿದಾರೆ. ಬಿನ್ನಿಪೇಟೆ ಮನೆಯವ್ರ ಮಗಳಂತೆ. ಆ ಹಾಡಿನ ಬುಕ್ಕು ನಿಮ್ಗೇ ತಾನೇ ಕೊಟ್ಟಿದ್ದು? ಅಡ್ರೆಸ್ ಕೊಟ್ಬಿಟ್ಟೆ." ಅರ್ಧ ಗಂಟೆಯಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ಅರವತ್ತು ದಾಟಿದ ಹೆಂಗಸು, ಎತ್ತಿ ಕಟ್ಟಿದ ಜಡೆ, ಕೈಯಲ್ಲಿ ಮೆಟ್ರೋ ಕಾರ್ಡು. ಶಾರದಮ್ಮ ಎಂದು ಹೆಸರು. ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದು ನಿವೃತ್ತರಾದವರು, ಕೆಂಗೇರಿ ಉಪನಗರದಲ್ಲಿ ಮನೆ. ಕುಳಿತುಕೊಳ್ಳುವ ಮುಂಚೆಯೇ ಹೇಳಿದರು: "ಪುಸ್ತಕ ಬೇಡ ಸಾರ್ ನಂಗೆ. ಮೊದಲ್ನೇ ಹಾಳೆ ಒಂದ್ಸಲ ನೋಡ್ಬೇಕು ಅಷ್ಟೆ."

ನಾನು ಬೀರು ತೆಗೆಯುವ ನೆಪದಲ್ಲಿ ಬೆನ್ನು ತಿರುಗಿಸಿದೆ. ಅವರು ಹೇಳುತ್ತಾ ಹೋದರು. ತಾಯಿ ಬಿನ್ನಿಪೇಟೆಯಲ್ಲಿ ನೂಲಿನ ಕೆಲಸದವರು. ಓದು ಬರಹ ಇಲ್ಲ. ಸುತ್ತಮುತ್ತ ಯಾರ ಮದುವೆಯಾದರೂ ಸೋಬಾನೆಗೆ ಅವರನ್ನೇ ಕರೆಯುವುದು. ನಿಮ್ಮ ಹಾಡೆಲ್ಲ ಅಚ್ಚಾಗಿವೆಯಂತೆ ಎಂದು ಯಾರೋ ಹೇಳಿದ್ದಕ್ಕೆ ಹೋಗಿ ಆ ಪುಸ್ತಕ ತಂದಿದ್ದರಂತೆ. ಸಂಜೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಹಾಡುವುದು. ಎಷ್ಟೋ ಸಲ ತಲೆಕೆಳಗಾಗಿ ಹಿಡಿದಿರುತ್ತಿದ್ದರಂತೆ.

"ನಾನಾಗ ಐದ್ನೇ ಕ್ಲಾಸು. ಬೇಸಿಗೆ ರಜದಲ್ಲಿ ಅಮ್ಮಂಗೆ ಹೆಸರು ಬರೆಯೋದು ಹೇಳ್ಕೊಟ್ಟೆ. ಬರೆದು ತೋರಿಸೋಕೆ ಈ ಪುಸ್ತಕ ಎತ್ಕೊಂಡು ಬೀದಿಗೆ ಓಡಿ ಬಂದ್ಲು ಸಾರ್. ನಮ್ಮಮ್ಮ ಓಡಿದ್ದು ನಾನು ಅದೊಂದೇ ಸಲ ನೋಡಿದ್ದು. ನೋಡಿ ನಾನು ನಕ್ಬಿಟ್ಟೆ. ಒತ್ತೆಲ್ಲಮ್ಮ, ಒತ್ತು ಬಿಟ್ಟಿದೀಯಲ್ಲ ಅಂತ. ಆಟ ಆಡ್ತಿದ್ದ ಹುಡುಗೀರ್ಗೆಲ್ಲ ತೋರಿಸಿ ನಕ್ಕೆ. ಅವಳು ಪುಸ್ತಕ ಕಿತ್ಕೊಂಡು ಒಳಗೆ ಹೋದ್ಲು. ಆಮೇಲೆ ಬ್ಯಾಂಕಲ್ಲಾಗ್ಲಿ, ರೇಷನ್ ಅಂಗಡೀಲಾಗ್ಲಿ, ಸೈನ್ ಹಾಕಮ್ಮ ಅಂದ್ರೂ ಹಾಕ್ಲಿಲ್ಲ. ಒತ್ತು ಬರಲ್ಲ ಕಣೇ, ಹೆಬ್ಬೆಟ್ಟೇ ಒತ್ತೀನಿ ಅನ್ನೋಳು. ಸಾಯೋವರ್ಗೂ ಒತ್ತಿದ್ಲು."

ಸರೋಜ ಕಾಫಿ ತಂದಿಟ್ಟು ಅಲ್ಲೇ ನಿಂತಿದ್ದಳು.

"ಅಮ್ಮ ಹೋದಮೇಲೆ ನನ್ ತಮ್ಮ ಮನೆ ಖಾಲಿ ಮಾಡೋವಾಗ ಎಲ್ಲಾ ಚೀಲಕ್ಕೆ ತುಂಬಿ ಹಾಕ್ಬಿಟ್ಟಿದಾನೆ. ನನ್ಹತ್ರ ಅವಳ ಫೋಟೋ ಇದೆ, ಸೀರೆ ಇದೆ. ಅವಳು ಕೈಯಾರೆ ಬರೆದಿದ್ದು ಅಂತ ಪ್ರಪಂಚದಲ್ಲಿರೋದು ಅದೊಂದೇ ಹಾಳೆ ಸಾರ್. ನಾನು ಎಷ್ಟು ಮಕ್ಕಳಿಗೆ ಒತ್ತಕ್ಷರ ಕಲಿಸಿದೀನಿ ಗೊತ್ತಾ? ಒಬ್ಬರಿಗೂ ನಕ್ಕಿಲ್ಲ."

ಇನ್ನು ಬೀರುವಿನಲ್ಲಿ ಹುಡುಕುವಂತೆ ನಟಿಸಲು ಸಾಧ್ಯವಿರಲಿಲ್ಲ. ಪುಸ್ತಕ ತೆಗೆದು ಕೊಟ್ಟೆ. ಅವರು ಕೈ ಒರೆಸಿಕೊಂಡು ತೆಗೆದುಕೊಂಡರು. ಹೊಸ ರಟ್ಟು ನೋಡಿ ಅವರಿಗೆ ಸ್ವಲ್ಪ ಗಲಿಬಿಲಿಯಾಯಿತು. ಮೊದಲ ಹಾಳೆ ತೆರೆದರು. ಅದರ ಹಿಂದಿನದು, ಮುಂದಿನದು, ಮತ್ತೆ ಮೊದಲನೆಯದು.

"ಇದರಲ್ಲಿ ಏನೂ ಇಲ್ವಲ್ಲ," ಎಂದರು. ಆಮೇಲೆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಈ ಹಾಳೆ ಯಾಕೋ ತೆಳ್ಳಗಿದೆ ಸಾರ್."

ಬಚ್ಚಲಿನ ಹಿಂದಿನ ಆ ಹುಡುಗ ನನ್ನೊಳಗೆ ಎದ್ದು ಕುಳಿತ. ಅಪ್ಪನ ಮುಂದೆ ಬಾಯಿ ಬಿಡದವನು ಈಗ ಚೆನ್ನಾಗಿ ಮಾತಾಡಿದ. "ಹಳೇ ಕಾಗದ ಮೇಡಂ, ಹಾಗೇ ಇರತ್ತೆ. ಇದು ಬೇರೆ ಪ್ರತಿ. ಗಂಗಣ್ಣಂಗೆ ಕನ್ಫ್ಯೂಸ್ ಆಗಿರ್ಬೇಕು. ನಿಮ್ಮದು ಎಲ್ಲೋ ಇರತ್ತೆ, ಇಂಥ ಪುಸ್ತಕ ಯಾರೂ ಬಿಸಾಕಲ್ಲ. ಹುಡುಕಿದ್ರೆ ಸಿಗತ್ತೆ."

ಹುಡುಕಿದ್ರೆ ಸಿಗತ್ತೆ. ಇದನ್ನು ನಾನು ಯಾಕೆ ಸೇರಿಸಿದೆ? ಬೇರೆ ಪ್ರತಿ ಎಂದಷ್ಟೇ ಹೇಳಿ ಸುಮ್ಮನಾಗಬಹುದಿತ್ತು. ಒಳ್ಳೆಯವನೆನ್ನಿಸಿಕೊಳ್ಳುವ ಚಟ. ಶಾರದಮ್ಮನ ಮುಖ ಬೆಳಗಿತು. ನನ್ನ ನಂಬರು ತೆಗೆದುಕೊಂಡರು. "ಎಲ್ಲಾದ್ರೂ ಕಂಡ್ರೆ ಹೇಳಿ ಸಾರ್, ನಿಮ್ಗೆ ಪುಸ್ತಕದವರೆಲ್ಲ ಗೊತ್ತು. ಒತ್ತಿಲ್ದಿರೋದು, ಅದೇ ಗುರುತು," ಎಂದು ನನ್ನ ಪುಸ್ತಕವನ್ನು ನನಗೇ ಜೋಪಾನವಾಗಿ ವಾಪಸು ಕೊಟ್ಟು, ಕಾಫಿ ಚೆನ್ನಾಗಿತ್ತು ಎಂದು ಸರೋಜಳಿಗೆ ಹೇಳಿ ಹೋದರು. ಇನ್ನೂ ಒಂದು ಮಾತು ಹೇಳಿಬಿಡುತ್ತೇನೆ, ಹೇಗೂ ಮಾನ ಹೋಗಿದೆ. ಅವರು ಪುಸ್ತಕ ವಾಪಸು ಕೊಟ್ಟಾಗ ನನಗೆ ಸಮಾಧಾನವಾಯಿತು. ಅಪರೂಪದ ಪ್ರತಿ ನನ್ನಲ್ಲೇ ಉಳಿಯಿತಲ್ಲ ಎಂದು.

ಸರೋಜ ಲೋಟ ಎತ್ತಿಕೊಂಡಳು. "ಎರಡು ಮಧ್ಯಾಹ್ನ ಕೂತು ಕೆರೆದ್ರಲ್ಲ, ಅದೇ ಅಲ್ವಾ?" ಎಂದಳು. ನಾನು ಹೂಂ ಎಂದೆ. ಅವತ್ತೇ ಮನೆಯ ಬ್ಲೇಡುಗಳನ್ನೆಲ್ಲ ಹುಡುಕಿ ಕಸಕ್ಕೆ ಹಾಕಿದೆ. ದೊಡ್ಡ ಪ್ರಾಯಶ್ಚಿತ್ತ ಮಾಡಿದೆನೆಂಬಂತೆ ಅವಳ ಮುಖ ನೋಡಿದೆ. ಅವಳು ನೋಡಲಿಲ್ಲ.

ಆಮೇಲೆ ಫೋನುಗಳು ಶುರುವಾದವು. ತಿಂಗಳಿಗೊಂದು ಸಲ. "ಸಾರ್, ಶಾರದ, ಕೆಂಗೇರಿ. ಏನಾದ್ರೂ ಸಿಕ್ತಾ?" "ನೋಡ್ತಾ ಇದೀನಿ ಮೇಡಂ." ಅವರು ಹಳೇ ಪೇಪರ್ ಅಂಗಡಿಗಳನ್ನೆಲ್ಲ ಸುತ್ತುತ್ತಿದ್ದರು. ಒಂದು ಸಲ ಮಂಡಿನೋವು ಎಂದರು, ಒಂದು ಸಲ ರಾಜಾಜಿನಗರದಲ್ಲಿ ಯಾವುದೋ ಗೋಡೌನಿನ ಮೆಟ್ಟಿಲಿನಲ್ಲಿ ಜಾರಿದೆ ಎಂದರು. ಜಾರಿದ್ದನ್ನು ಹೇಳಿ ನಗುತ್ತಿದ್ದರು, "ನೀವೇ ಹೇಳಿದ್ರಲ್ಲ ಸಾರ್, ಹುಡುಕಿದ್ರೆ ಸಿಗತ್ತೆ ಅಂತ." ಬಳಗದಲ್ಲಿ ಇದನ್ನು ಒಮ್ಮೆ ಬಾಯಿಬಿಟ್ಟೆ. ಶೇಷಗಿರಿ, "ನೀವೇನು ಮಾಡೋಕಾಗತ್ತೆ ರೀ, ಗುಜರಿಗೆ ಹಾಕಿದ್ದು ಅವರ ತಮ್ಮ," ಎಂದು ಇನ್ನೊಂದು ಪುಸ್ತಕ ಚೀಲದಿಂದ ತೆಗೆದು ನನ್ನ ಮುಂದಿಟ್ಟ. "ಇದೊಂದು ಮಡಿ ಮಾಡ್ಕೊಡಿ." ಅಂದಿನಿಂದ ನಾನು ಭಾನುವಾರ ಮನೆಯಲ್ಲೇ ಕಾಫಿ ಕುಡಿಯುತ್ತೇನೆ.

ಈ ವರ್ಷದ ಆಷಾಢ ಬಂತು. ಸೇಲಿನ ಮೊದಲ ದಿನ ನಾನು ಹೊರಟಾಗ ಸರೋಜ ಆ ಪುಸ್ತಕವನ್ನು ತಾನೇ ಬೀರುವಿನಿಂದ ತೆಗೆದು ನನ್ನ ಚೀಲಕ್ಕೆ ಹಾಕಿದಳು. "ಹೇಳಿ ಬನ್ನಿ. ಇಲ್ದಿದ್ರೆ ಮುಂದಿನ ಸಲ ಆಯಮ್ಮನ ಫೋನು ನಾನೇ ತಗೋತೀನಿ."

ಛತ್ರದಲ್ಲಿ ಶಾರದಮ್ಮ ಆಗಲೇ ಬಂದಿದ್ದರು. ಗಂಗಣ್ಣನ ಮೇಜಿನ ಒಂದು ತುದಿಯಿಂದ ಶುರು ಮಾಡಿ, ಒಂದೊಂದೇ ಪುಸ್ತಕ ಎತ್ತಿ, ಹೆಸರು ಕೂಡ ನೋಡದೆ ಮೊದಲ ಹಾಳೆ ತೆರೆದು, ಮುಚ್ಚಿ, ಪಕ್ಕಕ್ಕಿಡುತ್ತಿದ್ದರು. ಅಡಿಗೆ ಪುಸ್ತಕ, ಜ್ಯೋತಿಷ್ಯ, ಎಸ್ಸೆಸ್ಸೆಲ್ಸಿ ಗೈಡು, ಎಲ್ಲದರದೂ ಮೊದಲ ಹಾಳೆ. ರಟ್ಟು ಬದಲಾಗಿದ್ದರೆ ಎಂದು ಯಾವುದನ್ನೂ ಬಿಡುತ್ತಿರಲಿಲ್ಲ. ನಾನು ಹತ್ತಿರ ಹೋದೆ.

"ಮೇಡಂ, ಕೂತ್ಕೊಳಿ. ಒಂದ್ವಿಷಯ ಹೇಳ್ಬೇಕು."

"ಸಿಕ್ತಾ ಸಾರ್?"

ಚೀಲದಿಂದ ಪುಸ್ತಕ ತೆಗೆದು ಅವರ ಮುಂದಿಟ್ಟೆ. "ಅವತ್ತು ಸುಳ್ಳು ಹೇಳಿದೆ. ಇದೇ ನಿಮ್ಮಮ್ಮಂದು. ಹೆಸರಿತ್ತು. ನಾನೇ ಕೆರೆದದ್ದು, ಬ್ಲೇಡಲ್ಲಿ. ಹನ್ನೊಂದು ಸಲ ಬರೆದಿದ್ರು. ಹನ್ನೊಂದನ್ನೂ ಕೆರೆದೆ."

ಬೈಯುತ್ತಾರೆ ಎಂದುಕೊಂಡಿದ್ದೆ. ಬೈದರೆ ಒಳ್ಳೆಯದಿತ್ತು. ಅವರು ನನ್ನನ್ನೇ ನೋಡಿದರು, ಕ್ಲಾಸಿನಲ್ಲಿ ತಪ್ಪು ಲೆಕ್ಕ ಹೇಳಿದವನನ್ನು ನೋಡುವಂತೆ.

"ಹನ್ನೊಂದಲ್ಲ ಸಾರ್, ಹತ್ತು. ಶಾಲೇಲಿ ನಮ್ಮ ಮೇಷ್ಟ್ರು ಹತ್ತ್ಸಲ ಬರ್ಕೊಂಡು ಬನ್ನಿ ಅನ್ನೋರು. ನಾನೂ ಅಮ್ಮಂಗೆ ಹತ್ತ್ಸಲ ಬರಿ ಅಂದಿದ್ದೆ. ತೋರಿಸಿದಾಗ ಎಣಿಸ್ದೆ. ಹತ್ತೇ ಇತ್ತು."

"ಹನ್ನೊಂದಿತ್ತು ಮೇಡಂ. ಎಣಿಸೋದು ನನ್ನ ಕಸುಬು. ತಪ್ಪಲ್ಲ."

ಅವರು ಮೇಜಿನ ಅಂಚು ಹಿಡಿದುಕೊಂಡು ಬೆಂಚಿನ ಮೇಲೆ ಕುಳಿತರು. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ನಾನೂ ಕುಳಿತೆ. ಮಗಳು ನಕ್ಕ ಮೇಲೆ, ಪುಸ್ತಕ ಕಿತ್ತುಕೊಂಡು ಒಳಗೆ ಹೋದ ಮೇಲೆ, ಆ ತಾಯಿ ಇನ್ನೊಂದು ಸಲ ಬರೆದಿದ್ದಳು. ಯಾರಿಗೂ ತೋರಿಸದೆ.

"ಹನ್ನೊಂದನೇದ್ರಲ್ಲಿ," ಎಂದರು ಶಾರದಮ್ಮ, ಬಹಳ ಮೆಲ್ಲಗೆ, "ಒತ್ತು ಇತ್ತಾ ಸಾರ್?"

ಪ್ರಪಂಚದಲ್ಲಿ ಇದಕ್ಕೆ ಉತ್ತರ ಹೇಳಬಹುದಾದವನು ನಾನೊಬ್ಬನೇ. ಇತ್ತು ಎಂದುಬಿಡಬಹುದಿತ್ತು. ಬಾಯಿಯ ತುದಿಗೂ ಬಂತು. ಆದರೆ ಅವರ ಮುಂದೆ ಸುಳ್ಳು ಹೇಳುವ ಹಕ್ಕನ್ನು ಹೋದ ವರ್ಷವೇ ಖರ್ಚು ಮಾಡಿದ್ದೆ.

"ಗೊತ್ತಿಲ್ಲ ಮೇಡಂ. ಕೊನೇ ಸಾಲಿನ ಕೆಳಗೆ ಏನೋ ಇತ್ತು, ದಪ್ಪಗೆ. ಮಸಿ ಚೆಲ್ಲಿದೆ ಅಂದ್ಕೊಂಡು ಮೊದಲು ಅದನ್ನೇ ತೆಗೆದೆ. ನಾನು ಓದ್ಲಿಲ್ಲ. ಕೆರೆದೆ ಅಷ್ಟೆ."

ಪಕ್ಕದ ಮೇಜಿನಲ್ಲಿ ಯಾರೋ ಗಂಗಣ್ಣನ ಹತ್ತಿರ ಚೌಕಾಸಿ ಮಾಡುತ್ತಿದ್ದರು. ಶಾರದಮ್ಮ ಪುಸ್ತಕ ತೆರೆದು ಆ ಖಾಲಿ ಹಾಳೆಯ ಕೆಳಗಿನ ಮೂಲೆಯ ಮೇಲೆ ಹೆಬ್ಬೆರಳು ಇಟ್ಟರು. ಹಾಗೇ ಇಟ್ಟುಕೊಂಡಿದ್ದರು. ಆಮೇಲೆ ಮುಚ್ಚಿ ನನ್ನ ಕಡೆ ತಳ್ಳಿದರು.

"ಇದು ನಮ್ಮಮ್ಮಂದಲ್ಲ ಸಾರ್."

"ಮೇಡಂ, ಆಣೆ ಮಾಡಿ ಹೇಳ್ತೀನಿ..."

"ಹೋದ್ಸಲಾನೂ ನೀವು ಇಷ್ಟೇ ಗ್ಯಾರಂಟಿಯಾಗಿ ಹೇಳಿದ್ರಿ. ಎರಡರಲ್ಲಿ ಒಂದು ಸುಳ್ಳು ಅಂತೀರ. ಯಾವ್ದು ಅಂತ ನಾನೇ ತೀರ್ಮಾನ ಮಾಡ್ಕೋತೀನಿ. ನಮ್ಮಮ್ಮನ ಪುಸ್ತಕದಲ್ಲಿ ಹೆಸರಿರತ್ತೆ. ಹನ್ನೊಂದ್ಸಲ ಇರತ್ತೆ."

ಎದ್ದು ಸೆರಗು ಸಿಕ್ಕಿಸಿಕೊಂಡು, ಬಿಟ್ಟಿದ್ದ ಕಡೆಯಿಂದ ಮುಂದಿನ ಪುಸ್ತಕ ಎತ್ತಿದರು. ತೆರೆದರು, ಮುಚ್ಚಿದರು, ಪಕ್ಕಕ್ಕಿಟ್ಟರು. ನಾನು ನಿಂತೇ ಇದ್ದೆ. ಅವರು ತಲೆ ಎತ್ತದೆ ಹೇಳಿದರು:

"ಸುಮ್ನೆ ಯಾಕೆ ನಿಂತಿದೀರಿ? ಆ ಕಡೆ ಸಾಲು ಯಾರೂ ನೋಡಿಲ್ಲ. ನೀವು ನೋಡಿ. ಸಿಕ್ಕಿದ್ರೆ ಕರೀರಿ."

ನಾನು ಆ ಕಡೆ ಹೋದೆ. ಮೊದಲ ಪುಸ್ತಕ ತೆಗೆದು ಮೊದಲ ಹಾಳೆ ನೋಡಿದೆ. ಯಾರದೋ ಹೆಸರಿತ್ತು. ಈ ಸಲ ಓದಿದೆ. ಒತ್ತುಗಳೆಲ್ಲ ಸರಿಯಾಗಿದ್ದವು. ಮುಚ್ಚಿಟ್ಟು ಎರಡನೆಯದನ್ನು ತೆಗೆದೆ.